ತುಂಬಾ ವರ್ಷ ಪ್ರೀತಿಯಿಂದ ಮಾಡಿದ ಕೆಲಸಕ್ಕೆ ವಿದಾಯ ಹೇಳಿದ್ದು ಹೇಗೆ?

ಮುಂದಿನ ವರ್ಷ ನಿವೃತ್ತಿ, ಇಷ್ಟಪಟ್ಟು ಮಾಡಿದ ಕೆಲಸ ಬಿಡೋಕೆ ಮನಸ್ಸನ್ನ ಹೇಗೆ ಸಿದ್ಧ ಮಾಡಿಕೊಳ್ಳಲಿ ಅಂತ ಕೇಳಿದ್ದೀರಿ. ನಾನು ಹಾಸನ ಆಕಾಶವಾಣಿಯಲ್ಲಿ ಉದ್ಘೋಷಕಿಯಾಗಿದ್ದವಳು. 2019ರ ಮೇ 31ಕ್ಕೆ ನಿವೃತ್ತಳಾದೆ. ನಾನು ಮಾಡಿದ ಒಂದು ತಪ್ಪನ್ನ ನೀವು ಮಾಡಬಾರದು ಅಂತಲೇ ಇದನ್ನ ಬರೀತಿದ್ದೀನಿ.

ನಮ್ಮಲ್ಲಿ ನಿವೃತ್ತಿ ಅಂದರೆ ತಿಂಗಳ ಕೊನೇ ದಿನ. ಅವತ್ತು ಹಾರ, ಶಾಲು, ಭಾಷಣದಲ್ಲೇ ಹೊತ್ತು ಹೋಗುತ್ತೆ, ಸ್ಟುಡಿಯೊ ಸಿಗಲ್ಲ. ಅದಕ್ಕೆ 30ರ ಸಂಜೆ ಪಾಳಿಯನ್ನ ಕೇಳಿ ಹಾಕಿಸಿಕೊಂಡೆ. ಆಲೂಗಡ್ಡೆ ಬಿತ್ತನೆಯ ಕಾಲ. ಬಿತ್ತನೆ ಗೆಡ್ಡೆಯನ್ನ ಕೊಯ್ದ ಮೇಲೆ ಔಷಧಿಯಲ್ಲಿ ಅದ್ದಿ ನೆರಳಲ್ಲಿ ಆರಿಸಿ ಅಂತ ರೈತರಿಗೆ ಹೇಳೋ ಕಾರ್ಯಕ್ರಮ ಇತ್ತು. ಎಲ್ಲ ಮುಗಿದ ಮೇಲೆ ‘ಆಕಾಶವಾಣಿ, ಹಾಸನ’ ಅಂದೆ, ಮೈಕಿನ ದನಿ ಏರಿಸಿ ಇಳಿಸೋ ಫೇಡರ್ ಇಳಿಸಿದೆ. ಕೆಂಪು ದೀಪ ಆರಿತು. ನನ್ನ ವಿಷಯ ಒಂದಕ್ಷರ ಹೇಳಲಿಲ್ಲ. ಮೈಕ್ ಇರೋದು ಕೇಳುಗರಿಗೆ, ನನ್ನ ಮನೆ ಸುದ್ದಿಗಲ್ಲ ಅಂತ ಮೊದಲ ದಿನದಿಂದ ಕಲಿತಿದ್ದೆ.

‘ಆಕಾಶವಾಣಿ’ ಅನ್ನೋ ಆ ಪದದ ಮೇಲೆ ನನಗೆ ವಿಪರೀತ ಅಭಿಮಾನ. ಅದು ದೆಹಲಿಯಿಂದ ಇಳಿದು ಬಂದ ಹೆಸರಲ್ಲ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಶುರು ಮಾಡಿದ ರೇಡಿಯೊ ನಿಲಯದ ಹೆಸರು ಅದು. ಆಮೇಲೆ ಇಡೀ ದೇಶದ್ದಾಯಿತು. ದಿನಕ್ಕೆ ಎಷ್ಟು ಸಲ ಹೇಳಿದ್ದರೂ ಒಂದು ಸಲವೂ ಅದನ್ನ ನುಂಗಿ ಹೇಳಿದವಳಲ್ಲ.

ಬೀಳ್ಕೊಡುಗೆಯಲ್ಲಿ ಸಹೋದ್ಯೋಗಿಗಳು ಶ್ರವಣಬೆಳಗೊಳದ 2006ರ, 2018ರ ಮಹಾಮಸ್ತಕಾಭಿಷೇಕದ ದಿನಗಳನ್ನ ನೆನೆಸಿಕೊಂಡರು. ನನಗೆ ಕಣ್ಣ ಮುಂದೆ ಬಂದದ್ದು ಒಂದು ಟೇಪಿನ ತುಂಡು. ಸ್ಪೂಲ್ ಟೇಪಿನ ಕಾಲದಲ್ಲಿ ಒಂದು ಸೆಕೆಂಡ್ ಅಂದರೆ ಏಳೂವರೆ ಇಂಚು, ಕೈಯಲ್ಲಿ ಹಿಡಿದು ನೋಡಬಹುದಾಗಿತ್ತು. ಸೋಬಾನೆ ಹಾಡೋ ಅಜ್ಜಿಯೊಬ್ಬರು ಎರಡು ಸಾಲಿನ ನಡುವೆ ಕೆಮ್ಮಿದ್ದರು. ಟೇಪನ್ನ ಕೈಯಲ್ಲೇ ಹಿಂದೆ ಮುಂದೆ ತಿರುಗಿಸಿ, ಕೆಮ್ಮು ಎಲ್ಲಿ ಶುರು ಎಲ್ಲಿ ಕೊನೆ ಅಂತ ಪೆನ್ಸಿಲ್ ಗುರುತು ಹಾಕಿ, ಬ್ಲೇಡಿನಲ್ಲಿ ಓರೆಯಾಗಿ ಕೊಯ್ದು ಅಂಟಿಸಿದೆ. ಕೇಳಿದರೆ ಹಾಡು ಸತ್ತೇ ಹೋಗಿತ್ತು. ಕೆಮ್ಮಿನ ಜೊತೆ ಅಜ್ಜಿಯ ಉಸಿರನ್ನೂ ಕತ್ತರಿಸಿಬಿಟ್ಟಿದ್ದೆ. ಕಸದ ಬುಟ್ಟಿಯಿಂದ ಆ ತುಂಡು ಹುಡುಕಿ, ಉಸಿರಿನಷ್ಟು ಉದ್ದ ಮತ್ತೆ ಸೇರಿಸಿದೆ. ಹೊಸದಾಗಿ ಬಂದ ಹುಡುಗಿಗೆ ನಾನು ಕಲಿಸಿದ್ದೂ ಅದನ್ನೇ: ಮಾತಿನ ನಡುವೆ ಜಾಗ ಬಿಡಮ್ಮ, ಕೇಳೋರು ಅಲ್ಲಿ ಉಸಿರಾಡ್ತಾರೆ.

ಜುಲೈಯಲ್ಲಿ ಆಫೀಸಿನಿಂದ ಒಂದು ಕಾರ್ಡು ಕಳಿಸಿಕೊಟ್ಟರು. ಸಕಲೇಶಪುರದಿಂದ ಹಾನುಬಾಳು ಕಡೆಗೆ ಹೋಗೋ ದಾರಿಯ ಒಂದು ಕಾಫಿ ತೋಟದ ಲೈನ್ ಮನೆಯಿಂದ, ಅಂದರೆ ಕೆಲಸದವರ ಸಾಲು ಮನೆಯಿಂದ ಬಂದದ್ದು. ಆ ಹೆಂಗಸು ಎಷ್ಟೋ ವರ್ಷದಿಂದ ಮಗನ ಕೈಲಿ ಬರೆಸಿ ಕಾರ್ಡು ಹಾಕ್ತಿದ್ದರು. ‘ಅಕ್ಕಾ, ಒಂದು ತಿಂಗಳಿಂದ ನಿಮ್ಮ ದನಿ ಇಲ್ಲ. ಹುಷಾರಾಗಿದೀರಾ? ಬದುಕಿದೀರಾ?’

ಓದಿ ತುಂಬಾ ಹೊತ್ತು ಅತ್ತೆ. ನಾನು ಯಾರಿಗಾಗಿ ಕೆಲಸ ಮಾಡಿದೆನೋ ಅವರಿಗೆ ಬಿಟ್ಟು ಮಿಕ್ಕವರಿಗೆಲ್ಲ ಹೋಗಿಬರ್ತೀನಿ ಅಂದಿದ್ದೆ. ಕೇಳುಗರ ಪತ್ರಗಳಿಗೆ ಉತ್ತರಿಸುವಾಗ ಒಂದೇ ಒಂದು ಸಾಲು ಹೇಳಿದ್ದರೆ ಸಾಕಿತ್ತು, ಯಾರೂ ಬೇಡ ಅಂತಿರಲಿಲ್ಲ. ನಿಮ್ಮ ಕೆಲಸ ಯಾವುದೋ ಗೊತ್ತಿಲ್ಲ. ಆದರೆ ನಿಮ್ಮನ್ನ ಕಾಯೋರು ಕೌಂಟರಿನ ಆಚೆ, ಬೆಂಚಿನ ಮೇಲೆ, ಎಲ್ಲೋ ಇದ್ದೇ ಇರ್ತಾರೆ. ಅವರಿಗೆ ಮೊದಲೇ ಹೇಳಿಬಿಡಿ.

ಮಾರನೇ ವಾರ ಮಳೆ ಸ್ವಲ್ಪ ಹೊಳವಾದಾಗ ಬಸ್ಸು ಹತ್ತಿ ಹೋದೆ. ಅವರು ನನ್ನನ್ನ ಲೈನಿನ ಹಿಂದಿನ ದಿಬ್ಬಕ್ಕೆ ಕರಕೊಂಡು ಹೋದರು. ಎಫ್‌ಎಂ ಅಲೆಗೆ ಗುಡ್ಡ ಅಡ್ಡ ಬಂದರೆ ಆಚೆ ಬದಿಗೆ ದನಿ ಸರಿಯಾಗಿ ಮುಟ್ಟಲ್ಲ. ಅವರ ಮನೆಯೊಳಗೆ ಬರೀ ಗೊರಗೊರ, ದಿಬ್ಬದ ಮೇಲಿನ ಸೀಬೆ ಗಿಡದ ಬುಡದಲ್ಲಿ ಮಾತ್ರ ನಮ್ಮ ನಿಲಯದ 102.2 ಸ್ವಚ್ಛ. ದಿನವೂ ತೋಟದ ಕೆಲಸ ಮುಗಿಸಿ ಅಲ್ಲಿಗೆ ಹತ್ತಿ ಬಂದು ಕೇಳ್ತಿದ್ದರಂತೆ. ನನಗೆ ಅದು ಅವತ್ತಿನವರೆಗೂ ಗೊತ್ತಿರಲಿಲ್ಲ.

ಇಬ್ಬರೂ ಪ್ಲಾಸ್ಟಿಕ್ ಗೊಪ್ಪೆ ಹೊದ್ದು ಕೂತೆವು. ರೇಡಿಯೊದಲ್ಲಿ ನಾನು ಕಲಿಸಿದ ಹುಡುಗಿಯೇ ಬಂದಳು. ಅವರು ಕಿವಿಗೊಟ್ಟು ಕೇಳಿ, “ಈ ಮಗೂನೂ ಚೆನ್ನಾಗಿ ಹೇಳುತ್ತೆ ಅಕ್ಕಾ, ಒಂಚೂರು ಅವಸರ” ಅಂದರು.

“ಇವತ್ತೇ ರಾತ್ರಿ ಫೋನ್ ಮಾಡಿ ಹೇಳ್ತೀನಿ” ಅಂದೆ.