ಕ್ಲಾಸ್ ಮುಗಿದರೂ 20 ಗಂಟೆಯೇ ಯಾಕೆ?

ಜೂನ್‌ಗೆ ಕ್ಲಾಸ್ ಮುಗಿದರೂ ಲಂಡನ್‌ನ ಅಂಗಡಿಯವರು ನಿಮ್ಮ ತಂಗಿಗೆ ವಾರಕ್ಕೆ 20 ಗಂಟೆ ಮೇಲೆ ಕೆಲಸ ಕೊಡುತ್ತಿಲ್ಲ ಅಂದಿರಲ್ಲ, ಕಾರಣ ಬಹುಶಃ ಡಿಸರ್ಟೇಶನ್, ಅಂದರೆ ಕೋರ್ಸ್ ಕೊನೆಯಲ್ಲಿ ಬರೆಯುವ ದೊಡ್ಡ ಪ್ರಬಂಧ. ನಮ್ಮ ಬೆಳಗಾವಿಯಲ್ಲಿ ಪರೀಕ್ಷೆ ಮುಗಿದರೆ ರಜೆ. ಅಲ್ಲಿ ಮಾಸ್ಟರ್ಸ್‌ನವರಿಗೆ ಬೇಸಿಗೆಯೂ ಸಾಮಾನ್ಯವಾಗಿ ಓದಿನ ಅವಧಿಯೇ, ಆಗ ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆ ಮೇಲೆ ಕೆಲಸ ಮಾಡೋ ಹಾಗಿಲ್ಲ.

ಮೊದಲು ಯೂನಿವರ್ಸಿಟಿಯಿಂದ ಟರ್ಮ್ (ಓದಿನ ಅವಧಿ) ದಿನಾಂಕಗಳ ಪತ್ರ ತೆಗೆದುಕೊಂಡು, ಕೋರ್ಸ್ ಮುಗಿಯುವ ದಿನ ಯಾವುದು ಅಂತ ನೋಡಲಿ. ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ರೂಮ್‌ಮೇಟ್ ಹೇಳಿದ್ದನ್ನು ಸುಮ್ನೆ ನಂಬಬೇಡಿ.

ಆ ದಿನದವರೆಗೆ 20 ದಾಟಬಾರದು. ವಾರ ಅಂದರೆ ಸೋಮವಾರದಿಂದ ಭಾನುವಾರ. ಈ ವಾರ 25, ಮುಂದಿನ ವಾರ 15 ಅಂತ ಸರಿದೂಗಿಸೋಕೆ ಆಗಲ್ಲ. ಎರಡು ಕಡೆ ಕೆಲಸವಿದ್ದರೆ ಗಂಟೆಗಳನ್ನು ಕೂಡಿಸುತ್ತಾರೆ. ಆ್ಯಪ್‌ನಲ್ಲಿ ಊಟ ಡೆಲಿವರಿಯಂತೂ ಬೇಡವೇ ಬೇಡ. ಅದು ಸ್ವಂತ ಉದ್ಯೋಗದ ಲೆಕ್ಕ, ಸ್ಟೂಡೆಂಟ್ ವೀಸಾಕ್ಕೇ ಕುತ್ತು.

ಕೋರ್ಸ್ ಮುಗಿದ ಮೇಲೆ ಅದೇ ಪತ್ರ ಅಂಗಡಿಯವರಿಗೆ ತೋರಿಸಲಿ. ವೀಸಾ ಇರುವವರೆಗೆ ಜಾಸ್ತಿ ಗಂಟೆ ಕೊಡಬಹುದು.