ಪ್ಲೇಟ್‌ಲೆಟ್ ಏರಿದವು, ತಲೆನೋವು ಇಳಿಯಲಿಲ್ಲ

(ಹೆಸರು, ಗುರುತು ಬದಲಿಸಿದೆ.)

ಗುಳೇದಗುಡ್ಡ ಕಡೆಯ 31ರ ಗೃಹಿಣಿ, ರೇಣವ್ವ ಎನ್ನೋಣ. ಗಂಡ ಖಣ (ಕುಪ್ಪಸದ ಬಟ್ಟೆ) ನೇಯುತ್ತಾರೆ, ಇವರು ಕಂಡಿಕಿಗೆ ನೂಲು ಸುತ್ತುತ್ತಾರೆ. ಮಳೆಗಾಲದಲ್ಲಿ ಡೆಂಗಿ ಬಂದು ಆಸ್ಪತ್ರೆ ಸೇರಿದ್ದರು. ಜ್ವರದ ಜೊತೆ ಶುರುವಾದ ತಲೆನೋವು ಐದು ತಿಂಗಳಾದರೂ ಬಿಟ್ಟಿರಲಿಲ್ಲ. ದಿನಾ ಹಣೆ ಭಾರ. ವಾರಕ್ಕೆರಡು ಸಲ ಅರ್ಧ ತಲೆ ಸಿಡಿದು ವಾಂತಿ, ಬೆಳಕು ಕಂಡರಾಗದು.

ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದ ದಿನದಿಂದ ಮನೆಯವರ ಧಾಟಿ ಬದಲಾಯಿತು. ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ನಾಟಕ ನೋಡಿ ಬಂದು ಎರಡು ದಿನ ಮಲಗಿದ್ದೇ ತಡ, "ಜಾತ್ರಿಗೆ ಹೋಗುವಾಗ ಇಲ್ಲದ ತಲಿಬ್ಯಾನಿ ರೊಟ್ಟಿ ಬಡಿಯಾಕ ಎಲ್ಲಿಂದ ಬರತೈತಿ?" ಎಂದರಂತೆ ಅತ್ತೆ.

"ನನಗ ಹುಚ್ಚ ಹಿಡದೈತಿ ಅಂತ ನಿಮ್ಮ ಕಡೆ ಕಳಿಸ್ಯಾರೇನ್ರಿ ಮ್ಯಾಡಮ್?" ಇದು ಆಪ್ತ ಸಮಾಲೋಚಕಿಯಾದ ನನಗೆ ರೇಣವ್ವ ಕೇಳಿದ ಮೊದಲ ಪ್ರಶ್ನೆ.

ಇಲ್ಲ ಎಂದೆ. ವೈರಸ್ ಜ್ವರದ ನಂತರ ಕೆಲವರಿಗೆ ತಲೆನೋವು ಮೂರು ತಿಂಗಳು ಮೀರಿಯೂ ಉಳಿಯುತ್ತದೆ. ವಾಂತಿ ತರುವ ಈ ಅರ್ಧ ತಲೆನೋವು, ಅಂದರೆ ಮೈಗ್ರೇನ್, ಸ್ಕ್ಯಾನಿಗೆ ಸಿಗುವ ಕಾಯಿಲೆಯಲ್ಲ. ಗೆಡ್ಡೆ, ರಕ್ತಸ್ರಾವ ಇಲ್ಲವೆಂದು ಖಾತ್ರಿಯಾಗಲಿ ಎಂದು ಸ್ಕ್ಯಾನ್ ಮಾಡಿಸುತ್ತಾರೆ. ಇದನ್ನೇ ಮುಂದಿನ ಸಲ ಗಂಡ, ಅತ್ತೆ ಇಬ್ಬರನ್ನೂ ಕೂರಿಸಿ ಹೇಳಿದೆ.

ಯಾವ ಗುಳಿಗೆ ಎಂದು ಕೇಳಿದಾಗ ಪರ್ಸ್ ಮೇಜಿನ ಮೇಲೆ ಸುರುವಿದರು. ಕತ್ತರಿಯಿಂದ ಕತ್ತರಿಸಿಕೊಟ್ಟ ಸ್ಟ್ರಿಪ್ಪಿನ ಚೂರುಗಳು, ಒಂದರ ಮೇಲೂ ಪೂರ್ತಿ ಹೆಸರಿಲ್ಲ. "ತಲಿನೋವಿಂದು ಎರಡು ಕೊಡ್ರಿ" ಎಂದು ಔಷಧ ಅಂಗಡಿಯಿಂದ ತಂದವು. ಗೋಡೆಯ ಕ್ಯಾಲೆಂಡರಿನಲ್ಲಿ ನೋವಿಗೊಂದು ಗೀಟು, ಗುಳಿಗೆಗೊಂದು ಸುತ್ತು ಹಾಕಲು ಹೇಳಿದೆ. ತಿಂಗಳಿಗೆ 22 ದಿನ ಸುತ್ತು! ಪ್ಯಾರಾಸಿಟಮಾಲ್‌ನಂಥ ಸಾದಾ ಗುಳಿಗೆ ತಿಂಗಳಿಗೆ 15 ದಿನ, ಹಲವು ಔಷಧ ಬೆರೆಸಿದ್ದಾದರೆ 10 ದಿನ, ಹೀಗೆ ಮೂರು ತಿಂಗಳು ದಾಟಿದರೆ ಗುಳಿಗೆಯೇ ತಲೆನೋವು ತರಬಲ್ಲದು. ಬಿಡಿಸುವುದು ವೈದ್ಯರ ಕೆಲಸ. ಕ್ಯಾಲೆಂಡರ್ ಹಾಳೆ, ಆ ಚೂರುಗಳ ಸಮೇತ ನರರೋಗ ತಜ್ಞರ ಬಳಿ ಕಳಿಸಿದೆ. ನೋವು ಬರದಂತೆ ತಡೆಯುವ ಮಾತ್ರೆ ಬರೆದುಕೊಟ್ಟರು. ಅದು ನಾಟಲು ವಾರಗಳು ಬೇಕು, ಹಳೇ ಗುಳಿಗೆ ಬಿಟ್ಟ ಹೊಸದರಲ್ಲಿ ನೋವು ಹೆಚ್ಚಲೂಬಹುದು ಎಂದು ಮನೆಯವರಿಗೆ ಮೊದಲೇ ಹೇಳಿಟ್ಟೆ. ಹೇಳದಿದ್ದರೆ ನಾಲ್ಕನೇ ದಿನಕ್ಕೇ ಮತ್ತೆ ಅಂಗಡಿ.

ತಲೆ ಹಗುರಾದ ದಿನ ವಾರದ ಬಾಕಿಯನ್ನೆಲ್ಲ ಮೈಮೇಲೆ ಎಳೆದುಕೊಂಡು ಮರುದಿನ ಹಾಸಿಗೆ ಹಿಡಿಯುವುದು ರೇಣವ್ವನ ರೂಢಿ. ಜಾತ್ರೆಯಲ್ಲಿ ಆದದ್ದೂ ಅದೇ: ನಿದ್ದೆಗೇಡು, ಝಗಮಗ ದೀಪ, ಮೈಕಿನ ಸದ್ದು. ಹೋಗಬಾರದೆಂದಲ್ಲ, ನಾಟಕದ ಒಂದು ಪ್ರವೇಶ ನೋಡಿ ಎದ್ದು ಬರಬಹುದಿತ್ತು. ಹಗುರಾದ ದಿನವೂ ಅಷ್ಟೇ ಕೆಲಸ, ನಡುನಡುವೆ ಬಿಡುವು ಎಂದು ಗೊತ್ತುಮಾಡಿದೆವು. ಹೆಚ್ಚು ಗೀಟು ಸೋಮವಾರ ಸಂಜೆಗೆ ಬಿದ್ದಿದ್ದವು. ಅಂದು ಹೊತ್ತು ಮುಳುಗುವತನಕ ಉಪವಾಸ. ದೇವರ ವಿಷಯಕ್ಕೆ ನಾನು ಕೈಹಾಕಲಿಲ್ಲ, ಹಾಲು, ಬಾಳೆಹಣ್ಣು ನಡೆಯುತ್ತದೆಯೇ ಎಂದು ಅತ್ತೆಯನ್ನೇ ಕೇಳಿದೆ. "ಫಳಾರಕ್ಕೇನ ಅಡ್ಡಿ ಇಲ್ಲ ಬಿಡ್ರಿ" ಎಂದರು.

ಗಂಡನಿಗೆ ಬೇರೆಯೇ ಒಂದು ಎಚ್ಚರಿಕೆ: ಒಮ್ಮೆಲೇ ಹಿಂದೆಂದೂ ಕಾಣದಂಥ ನೋವು, ಜ್ವರದೊಂದಿಗೆ ಕತ್ತು ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಕಾಯದೆ ಆಸ್ಪತ್ರೆಗೆ. ಬೇಸರ ಹೆಚ್ಚಿ ಜೀವವೇ ಬೇಡ ಎನಿಸಿದರೆ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ.

ಮೂರು ತಿಂಗಳು ಕಳೆಯುವಷ್ಟರಲ್ಲಿ ಗುಳಿಗೆಯ ಸುತ್ತು ತಿಂಗಳಿಗೆ 6ಕ್ಕೆ ಇಳಿದಿವೆ. ಹಣೆಯ ಭಾರ ಪೂರ್ತಿ ಹೋಗಿಲ್ಲ. ಅತ್ತೆಯೂ ಪೂರ್ತಿ ನಂಬಿಲ್ಲ, ಆದರೆ ನೋವು ಬಂದ ದಿನ ಖಾನಾವಳಿಯಿಂದ ರೊಟ್ಟಿ ತರಿಸಲು ಒಪ್ಪಿದ್ದಾರೆ.