ದಾಲ್ ಮಿಲ್ಲಿನ ತಗಡಿನ ಪೆಟ್ಟಿಗೆಯಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಕೂರಿಸುವುದು ಹೇಗೆ?

ಕಲಬುರಗಿಯ ಒಣ ಚಳಿಗಾಲದಲ್ಲಿ ಸ್ಥಿರ ವಿದ್ಯುತ್ತಿನ ಕಾಟ ಹೆಚ್ಚು. ಬೋರ್ಡ್ ಮುಟ್ಟುವ ಮೊದಲು ಅರ್ತ್ ಆಗಿರುವ ಲೋಹ ಮುಟ್ಟಿ. 1 ಮೆಗಾಓಮ್‌ನ ರಿಸ್ಟ್ ಸ್ಟ್ರಾಪ್ (ಮೈಯ ಸ್ಥಿರ ವಿದ್ಯುತ್ತನ್ನು ಅರ್ತ್‌ಗೆ ಇಳಿಸುವ ಮುಂಗೈ ಪಟ್ಟಿ) ಇದ್ದರೆ ಇನ್ನೂ ಒಳ್ಳೆಯದು. ಹಿಡಿಯುವುದು ಅಂಚಿನಲ್ಲಿ ಮಾತ್ರ. ಬೋರ್ಡನ್ನು ಸ್ಥಿರ ವಿದ್ಯುತ್ ತಡೆಯುವ ಬೆಳ್ಳಿಬಣ್ಣದ ಚೀಲದ ಮೇಲಿಟ್ಟು ಕರೆಂಟ್ ಕೊಡಬೇಡಿ, ಆ ಚೀಲದ ಮೈಯಲ್ಲೂ ವಿದ್ಯುತ್ ಹರಿಯುತ್ತದೆ.

ನಾಲ್ಕು ತೂತುಗಳ ಅಂತರ 58 × 49 ಮಿಮೀ, ಹಿಡಿಸುವುದು ಎಂ2.5 (2.5 ಮಿಮೀ ದಪ್ಪದ) ಸ್ಕ್ರೂ. ಎಂ3 ತುರುಕಿದರೆ ತೂತಿನ ಅಂಚು ಹರಿಯುತ್ತದೆ. ಕೆಳಗಿನ ಬೆಸುಗೆಯ ಮೊನೆಗಳು ತಗಡಿಗೆ ತಾಗದಂತೆ ಕನಿಷ್ಠ 6 ಮಿಮೀ ನೈಲಾನ್ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬ) ಹಾಕಿ. ನಾಲ್ಕನ್ನೂ ಮೊದಲು ಸಡಿಲವಾಗಿ ಕೂರಿಸಿ, ಆಮೇಲೆ ಮೂಲೆಗೆ ಮೂಲೆ ಎದುರಾಗಿ ಬಿಗಿ ಮಾಡಿ. ಬೆರಳಿಗೆ ಬಿಗಿಯೆನಿಸಿದ ಮೇಲೆ ಕಾಲು ಸುತ್ತು ಸಾಕು. ಬೋರ್ಡ್ ಬಾಗಿದರೆ ಅದರ ಮೇಲಿನ ಸೆರಾಮಿಕ್ ಕೆಪಾಸಿಟರ್ ಎಂಬ ಪುಟ್ಟ ಬಿಡಿಭಾಗ ಕಣ್ಣಿಗೆ ಕಾಣದಂತೆ ಬಿರಿಯುತ್ತದೆ, ತಿಂಗಳ ನಂತರ ಕೈಕೊಡುತ್ತದೆ. ಕೂರಿಸುವಾಗ ಮೆಮೊರಿ ಕಾರ್ಡ್ ತೆಗೆದಿಡಿ; ಹೊರಚಾಚಿದ ಅದೇ ಮೊದಲು ಮುರಿಯುವುದು.

ಇನ್ನು ತೊಗರಿ ಹೊಟ್ಟಿನ ಧೂಳು. ಮಳೆಗಾಲದಲ್ಲಿ ಅದು ತೇವ ಹೀರಿ ಪಿನ್‌ಗಳ ನಡುವೆ ವಿದ್ಯುತ್ ಸೋರಿಸುತ್ತದೆ. ಫ್ಯಾನ್ ಹಾಕಿದರೆ ಧೂಳನ್ನು ಕರೆದು ಕೂರಿಸಿಕೊಂಡಂತೆ. ಪೆಟ್ಟಿಗೆ ಮುಚ್ಚಿಡಿ, ಕೇಬಲ್ ಗ್ಲ್ಯಾಂಡ್ (ವೈರ್ ಒಳಬರುವ ತೂತನ್ನು ಬಿಗಿಯಾಗಿ ಮುಚ್ಚುವ ಬಿರಡೆ) ಕೆಳಗಿನಿಂದ ಕೊಡಿ, ಚಿಪ್ ಮೇಲೆ ಅಲ್ಯುಮಿನಿಯಂ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಅಂಟಿಸಿ. 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಚಿಪ್ ತಾನೇ ವೇಗ ಇಳಿಸುತ್ತದೆ. ಮೇ ತಿಂಗಳ ಬಿಸಿಲಿಗೆ ಕಾದ ತಗಡಿನೊಳಗೆ ಅದು ದೂರವಿಲ್ಲ, ಪೆಟ್ಟಿಗೆ ನೆರಳಲ್ಲೇ ಇರಲಿ.

ವೈರ್ ಜೋಡಿಸುವಾಗ ಪ್ಲಗ್ ಕಿತ್ತಿಡಿ. 3.3 ವೋಲ್ಟ್ ಪಿನ್ನಿನ ಪಕ್ಕದಲ್ಲೇ 5 ವೋಲ್ಟ್ ಪಿನ್ ಇದೆ. ಸ್ಕ್ರೂಡ್ರೈವರ್ ಎರಡಕ್ಕೂ ತಾಗಿದರೆ ಬೋರ್ಡೇ ಹೋಗಬಹುದು.